ಹುಣಸೆ ಪೊಟರೆಯ ಎರಡು ಮರಿಗಳು

ಕ್ರಿಸ್ತಶಕ ೨೨೪೧, ಹುಣಸೆ ಬಡಿಯುವ ತಿಂಗಳ ಎರಡನೆಯ ಸೋಮವಾರ
ಕೊಪ್ಪಳ ಸೀಮೆಯ ಕಲ್ಲುಗುಡ್ಡದಿಂದ

ಪೂಜ್ಯ ಯಂಕವ್ವನವರಿಗೆ, ನಿಮ್ಮ ಎಂಟನೆಯ ತಲೆಮಾರಿನ ಹಂಪವ್ವ ಮಾಡುವ ನಮಸ್ಕಾರಗಳು.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಬೇಕು. ಇನ್ನೂರು ವರ್ಷಗಳಲ್ಲಿ ನಾವು ಎಷ್ಟೋ ಪದ ಕಳೆದುಕೊಂಡು ಎಷ್ಟೋ ಹೊಸದು ಹುಟ್ಟಿಸಿಕೊಂಡಿದ್ದೇವೆ. ನಾನು ಕೊಂಬೆದಾರಿಯ ಮೇಸ್ತ್ರಿ. ರಸ್ತೆಯ ಈಚೆಯ ಮರದಿಂದ ಆಚೆಯ ಮರಕ್ಕೆ ನಾರಿನ ಹಗ್ಗ ಹೆಣೆದು ಬಿಗಿಯುವುದು ನನ್ನ ಕೆಲಸ. ಆ ಹಗ್ಗವೇ ಕೊಂಬೆದಾರಿ. ಗಾಡಿಗಳಿಗೆ ಸಿಗದಂತೆ ಅದರ ಮೇಲೆ ಓಡಾಡುವುದು ನಿಮ್ಮ ಕಾಲದಲ್ಲೂ ಇದ್ದ ತುಕ್ಕುಚುಕ್ಕೆಯ ಕಾಡುಬೆಕ್ಕು. ಬೆಳೆದದ್ದೂ ಒಂದೂವರೆ ಕಿಲೋ ದಾಟುವುದು ಅಪರೂಪ. ಹಗಲೆಲ್ಲ ಪೊಟರೆಯಲ್ಲೋ ಬಂಡೆಯ ಸಂದಿಯಲ್ಲೋ ನಿದ್ದೆ, ಹೊತ್ತು ಮುಳುಗಿದರೆ ಇಲಿಬೇಟೆ. ಮನೆಬೆಕ್ಕಿನ ರಕ್ತ ಬೆರೆತು ಈ ಸಣ್ಣ ಜಾತಿಯೇ ಅಳಿಯಬಾರದೆಂದು ಊರಿನ ಬೆಕ್ಕುಗಳಿಗೆಲ್ಲ ಸಂತಾನಹರಣ ಚಿಕಿತ್ಸೆ ಮಾಡಿಸಿದ್ದೇವೆ. ಮನೆಬೆಕ್ಕು ಕಡಿಮೆಯಾಗಿ, ಈಗ ಯಾರ ಮನೆಯಲ್ಲಿ ಇಲಿ ಕಂಡರೂ ಬೈಸಿಕೊಳ್ಳುವವಳು ನಾನೇ!

ನಿನ್ನೆ ಹುಣಸೆ ಬಡಿಯುವಾಗ ನನ್ನ ಸೊಸೆ ನೀಲವ್ವ ಪೊಟರೆಯಲ್ಲಿ ಎರಡು ಮರಿ ಕಂಡಳು. ಮೊದಲು ಪೊಟರೆ ನೋಡದೆ ಗಳ ಎತ್ತಿದ್ದು ನಮ್ಮದೇ ತಪ್ಪು. ಸದ್ದಿಗೆ ಬೆದರಿ ತಾಯಿ ಓಡಿಹೋಗಿತ್ತು. ಈಗಷ್ಟೇ ಕಣ್ಣು ಬಿಟ್ಟ ಮರಿಗಳು ಒಂದೇ ಸಮ ಅಳುತ್ತಿದ್ದವು. ನಮ್ಮಲ್ಲಿ ತಾಯಿಗಡುವು ಎಂಬ ಪದ್ಧತಿಯಿದೆ. ಮರದ ಬುಡಕ್ಕೆ ಬೂದಿ ಚೆಲ್ಲಿ, ಎಲ್ಲರೂ ದೂರ ಸರಿದು, ಮರುದಿನ ಬೆಳಗಿನವರೆಗೆ ಮರಿ ಮುಟ್ಟದೆ ಕಾಯಬೇಕು. ಬೂದಿಯ ಮೇಲೆ ತಾಯಿಯ ಹೆಜ್ಜೆ ಮೂಡದಿದ್ದರೆ ಮಾತ್ರ ಎತ್ತಿಕೊಳ್ಳಬಹುದು. ನೀಲವ್ವ ಮೂರು ತಿಂಗಳ ಮಗುವಿಗೆ ಹಾಲುಣಿಸುವ ತಾಯಿ, ಅವಳಿಗೆ ತಡೆಯಲಾಗಲಿಲ್ಲ. “ಅತ್ತಿ, ನಿಮ್ಮ ಗಡುವಿಗಿಷ್ಟು ಬೆಂಕಿ ಹಚ್ರಿ! ಹಸದು ಸಾಯಾಕತ್ತಾವ, ನಿಮಗ ಕಾಣವಲ್ದೇನ್ರಿ?” ಎಂದು ನನ್ನ ಮೇಲೆ ಹರಿಹಾಯ್ದಳು. ನಿಜ ಹೇಳುತ್ತೇನೆ, ತಾಯಿ ಬರದಿದ್ದರೆ ಆ ಎರಡು ಜೀವದ ಪಾಪ ನನ್ನ ತಲೆಗೆ.

ಆಗ ಅವಳಿಗೆ ನಿಮ್ಮ ಕಥೆ ಹೇಳಿದೆ. ನೀವು ಇಂಥವೇ ಎರಡು ಮರಿಗಳನ್ನು ಅನಾಥವೆಂದು ಸೆರಗಿನಲ್ಲಿ ಕಟ್ಟಿ ತಂದದ್ದು, ಎಮ್ಮೆಹಾಲು ಕುಡಿಸಿದ್ದು, ವಾರದೊಳಗೆ ಎರಡೂ ಸತ್ತದ್ದು, ತಾಯಿ ಮಾತ್ರ ಐದು ಸಂಜೆ ನಿಮ್ಮ ಮನೆಯ ಮುಂದಿನ ಬೇವಿನ ಮೇಲೆ ಕೂತು ಕೂಗಿದ್ದು. ಆ ಕೂಗು ಕೇಳಲಾರದೆ ತಾಯಿಗಡುವನ್ನು ಕಟ್ಟಿದವರೂ ನೀವೇ. ನೀಲವ್ವ ತಾನೇ ಬೂದಿ ಚೆಲ್ಲಿ ಮನೆಗೆ ಬಂದಳು, ಆದರೆ ಊಟ ಮುಟ್ಟಲಿಲ್ಲ.

ಇಂದು ಬೆಳಗ್ಗೆ ಇಬ್ಬರೂ ಹೋದೆವು. ಬೂದಿಯ ಮೇಲೆ ಎರಡು ಹುಣಸೆಬೀಜ ಜೋಡಿಸಿದಷ್ಟೇ ಅಗಲದ ಹೆಜ್ಜೆಗಳು. ಒಮ್ಮೆ ಬಂದು ಹೋಗಿದ್ದವು, ಮತ್ತೊಮ್ಮೆ ಬಂದು ಹೋಗಿದ್ದವು. ಪೊಟರೆ ಖಾಲಿ. ಒಂದೊಂದಾಗಿ ಕಚ್ಚಿಕೊಂಡು ಒಯ್ದಿದ್ದಾಳೆ ಪುಣ್ಯಾತ್ಗಿತ್ತಿ! ನೀಲವ್ವ ಮಗುವನ್ನು ಅವಚಿಕೊಂಡು ಅತ್ತೇಬಿಟ್ಟಳು.

ಅವ್ವಾ, ಒಂದು ಬೇಡಿಕೆ. ಈ ಕಾಗದ ನೀವು ಮರಿ ತಂದ ಆ ದಿನಕ್ಕಿಂತ ಮೊದಲೇ ತಲುಪಿದರೆ ಮರಿಗಳನ್ನು ಮುಟ್ಟಬೇಡಿ, ಕಾಯಿರಿ. ಆಗ ನಮ್ಮ ಈ ಪದ್ಧತಿ ಹುಟ್ಟದೆಯೇ ಹೋದೀತು, ಹೋಗಲಿ ಬಿಡಿ. ತಡವಾಗಿ ತಲುಪಿದರೆ, ಬೇವಿನ ಕಡೆ ನೋಡಿ ಅಳುವುದನ್ನು ಇನ್ನು ನಿಲ್ಲಿಸಿ. ಈ ಸಲ ಅವಳು ಬಂದಳು, ಯಂಕವ್ವಾ. ಮರಿಗಳು ಸಿಕ್ಕವು.