ಕಡಲ ದಂಡೆಯ ಬಿಳಿ ಚಾದರ

ತನಿಖೆಗೆ ಕೂತಿರುವ ಮಾನ್ಯ ಅಧಿಕಾರಿಗಳೇ,

ಕಮಲಾಪುರದ ಶಾಲೆಯ ಬುರ್ಹಾನುದ್ದೀನ್ ಮಾಸ್ತರರನ್ನು ದೀಪಾವಳಿ ಕಳೆದ ಮೇಲೆ ನಿಮ್ಮವರು ಜೀಪಿನಲ್ಲಿ ಕೂಡಿಸಿಕೊಂಡು ಕಲಬುರಗಿಗೆ ಒಯ್ದರು. ಅವರ ಮೇಲಿನ ಆರೋಪ ಇಷ್ಟು: ಪ್ರತಿ ಬೇಸಿಗೆ ಕೊಂಕಣದ ವಾಳುವಾಡಿ ಎಂಬ ಹಳ್ಳಿಗೆ ಹೋಗುತ್ತಿದ್ದರು, ಸಂಜೆ ದಂಡೆಯ ಮೇಲೆ ನಿಂತು ಬಿಳಿ ಚಾದರ ಬೀಸುತ್ತಿದ್ದರು, ಆದ್ದರಿಂದ ರಜಾಕಾರರಿಗೆ ಬಂದೂಕು ತರುವ ದೋಣಿಗಳನ್ನು ಕರೆಯುತ್ತಿದ್ದರು. ಹೋಗುತ್ತಿದ್ದದ್ದು ನಿಜ. ಬೀಸುತ್ತಿದ್ದದ್ದೂ ನಿಜ. ಉಳಿದದ್ದು ನೀವು ಸೇರಿಸಿದ್ದು. ಆ ಚಾದರ ಯಾಕೆ ಬೀಸಿದರೆಂದು ಹೇಳಲು ನಾನು ನಿಮ್ಮ ಕಚೇರಿಗೆ ಬಂದೆ. ಬಾಗಿಲಲ್ಲೇ ತಿರುಗಿಸಿ ಕಳಿಸಿದಿರಿ. ನಾಲ್ಕು ಗೋಡೆಯೊಳಗೆ ನಿಮ್ಮೊಬ್ಬರಿಗೆ ಹೇಳಬೇಕೆಂದಿದ್ದ ಮಾತನ್ನು ಈಗ ಪತ್ರಿಕೆಯಲ್ಲಿ ಊರೆಲ್ಲ ಓದುವ ಹಾಗೆ ಬರೆಯಬೇಕಾಗಿದೆ.

ಮೊದಲೇ ಒಂದು ಮಾತು. ರಜಾಕಾರರ ಪರವಾಗಿ ವಕಾಲತ್ತು ಮಾಡುವ ಹೆಂಗಸು ನಾನಲ್ಲ. ಹೋದ ವರ್ಷ ಅವರು ನಮ್ಮ ಬಣವೆಗಳಿಗೆ ಬೆಂಕಿ ಇಟ್ಟಾಗ ಅಂಗಳದಲ್ಲಿ ನಿಂತು ನೋಡಿದವಳು ನಾನು. ಯಾರ ಕೈಯಲ್ಲಿ ಪಂಜಿತ್ತು ಎಂದು ನನಗೆ ಗೊತ್ತು. ನಿಮ್ಮ ಸರ್ಕಾರ ಬಂದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಹಾಗೆ ಹೋಳಿಗೆ ಮಾಡಿದ ಮನೆಯ ಹಿರಿಯಳೇ ಇಂದು ನಿಮಗೆ ಇಂಥ ಪತ್ರ ಬರೆಯುವ ಹಾಗಾಯಿತಲ್ಲ, ಅದು ಯಾಕೆಂದು ಒಂದು ಗಳಿಗೆ ಯೋಚಿಸಿ.

ನೆಲದ ನಡುವಿನ ಕಮಲಾಪುರದವರಿಗೆ ಸಮುದ್ರದ ಗೊಡವೆ ಏಕೆ ಎಂದು ನೀವು ಕೇಳಿದ್ದೀರಂತೆ. ನ್ಯಾಯವಾದ ಪ್ರಶ್ನೆ. ಮಾಸ್ತರರ ಹೆಂಡತಿ ಹಲೀಮಾಬಿ ನಮ್ಮ ಗೋಡೆಯಾಚೆಯ ಮನೆಯವಳು, ದಮ್ಮಿನ ರೋಗಿ. ಬೇಸಿಗೆಯಲ್ಲಿ ಸಮುದ್ರದ ಗಾಳಿ ಕುಡಿಸಿರೆಂದು ಕಲಬುರಗಿಯ ಡಾಕ್ಟರು ಹೇಳಿದರು. ನಮ್ಮಲ್ಲಿಂದ ತೊಗರಿ ಬೇಳೆ ಕೊಳ್ಳುವ ವ್ಯಾಪಾರಿಯೊಬ್ಬರದು ವಾಳುವಾಡಿಯಲ್ಲಿ ಒಂದು ಮನೆ ಖಾಲಿ ಇತ್ತು. ನನ್ನ ಯಜಮಾನರು ತೀರಿಕೊಂಡ ಮೇಲೆ ಮನೆಯ ಕೀಲಿಕೈ ನನ್ನ ಸೊಂಟದಲ್ಲಿದೆ. ಅವರಿಬ್ಬರೇ ಯಾಕೆ ಹೋಗಬೇಕು, ನಾವೂ ಹೋಗೋಣ ಎಂದು ನಾನೇ ಹೇಳಿದೆ. ಸೊಲ್ಲಾಪುರದ ತವರಿನಲ್ಲಿ ಹೈಸ್ಕೂಲು ಓದುವಾಗ ಭೂಗೋಳದ ಪುಸ್ತಕದಲ್ಲಿ ನೀಲಿ ಬಣ್ಣ ಬಳಿದದ್ದನ್ನು ಬಿಟ್ಟರೆ ನಾನು ಸಮುದ್ರ ಕಂಡವಳಲ್ಲ. ಬುಟ್ಟಿ ತುಂಬ ನಮ್ಮೂರಿನ ಕೆಂಪು ಬಾಳೆಹಣ್ಣು ಹೊತ್ತುಕೊಂಡು, ಕುರ್ಡುವಾಡಿಯಲ್ಲಿ ಗಾಡಿ ಬದಲಿಸಿ, ಮಿರಜ್, ಕೊಲ್ಹಾಪುರ ದಾಟಿ, ಘಟ್ಟ ಇಳಿಯುವ ಮೋಟಾರಿನಲ್ಲಿ ಮಕ್ಕಳ ವಾಂತಿ ಒರೆಸುತ್ತ ಹೋದೆವು. ಸಂಚು ಹೂಡುವವರು ಇಷ್ಟು ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಾರೆಯೇ?

ಆ ಮರಳನ್ನು ನೀವು ನೋಡಿಲ್ಲ. ಹಿಟ್ಟಿನಂತೆ ನುಣ್ಣಗೆ, ಕಾಲಿಟ್ಟರೆ ತಂಪು. ಮಕ್ಕಳು ಬೆಳಗಿನಿಂದ ಅದರಲ್ಲೇ ಬಿದ್ದಿರುತ್ತಿದ್ದವು. ಗಂಡಸರು ಸೊಂಟದ ಮಟ ನೀರಿಗೆ ಇಳಿಯುತ್ತಿದ್ದರು. ನಾವು ಹೆಂಗಸರು ತಲೆಯ ಮೇಲಿನ ಸೆರಗು ಹಿಡಿದುಕೊಂಡು, ದೂರದ ಕಲ್ಲಿನ ಮೇಲೆ ಕೂತು, ಅವರ ಬಟ್ಟೆ ಕಾಯುತ್ತಿದ್ದೆವು. ಆಗ ಮಾಸ್ತರರು ಎಲ್ಲರೆದುರು ಒಂದು ಮಾತು ಹೇಳಿದರು.

"ಬಾಯಿ, ಇಷ್ಟು ದೂರ ಬಂದೀರಿ. ಸಮುದ್ರ ಬರೇ ಗಂಡಸರಿಗೆ ಪಟ್ಟಾ ಬರೆದುಕೊಟ್ಟಾರೇನ್ರಿ?"

"ದೋಣಿಯವರು ಬರ್ತಾರಲ್ರಿ ಮಾಸ್ತರ. ಮ್ಯಾಲ ನಮ್ಮ ಮೈದುನಂದಿರು ಅದಾರ. ಹ್ಯಾಂಗ ಇಳೀಬೇಕು?"

ಮಾವ, ಭಾವ, ಮೈದುನರ ಎದುರು ಒದ್ದೆ ಸೀರೆಯಲ್ಲಿ ನಿಲ್ಲುವುದು ನಮ್ಮಲ್ಲಿ ಇಲ್ಲ. ಅವರು ಬೆನ್ನು ತಿರುಗಿಸಿ ನಿಂತರೂ ಇಲ್ಲ. ಹಾಗಾಗಿ ಮನೆಯ ಗಂಡಸರು ಸಂಜೆ ಊರೊಳಗಿನ ಗುಡಿಯ ಕಟ್ಟೆಗೆ ಹೋಗಬೇಕು, ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದ ಮಾಸ್ತರರು ದೂರದ ಮರಳದಿಬ್ಬದ ಮೇಲೆ, ದೋಣಿ ಬರುವ ಬಂಡೆಯ ಕಡೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ನಿಲ್ಲಬೇಕು ಎಂದು ಗೊತ್ತು ಮಾಡಿದೆವು. ಬಿದಿರಿಗೆ ಕಟ್ಟಿದ ಬಿಳಿ ಚಾದರವನ್ನು ಅವರು ಆಡಿಸುತ್ತಿರುವಷ್ಟು ಹೊತ್ತು ಬೆಸ್ತರು ದೋಣಿಗಳನ್ನು ದಂಡೆಗೆ ತರದೆ ಬಂಡೆಯಾಚೆ ನಿಲ್ಲಿಸಬೇಕು. ತಿಳಿಯಿತೇ ಮಾನ್ಯರೇ? ಆ ಚಾದರ ದೋಣಿಗಳನ್ನು ಕರೆಯುತ್ತಿರಲಿಲ್ಲ. ಬರಬೇಡಿ ಎನ್ನುತ್ತಿತ್ತು.

ಬೆಸ್ತರ ಹಿರಿಯ ತುಕಾರಾಮ ದಿನಾಲೂ ತಕರಾರು ತೆಗೆಯುತ್ತಿದ್ದ. ನಿಮ್ಮ ಹೆಂಗಸರ ಸ್ನಾನ ಮುಗಿಯುವಷ್ಟರಲ್ಲಿ ನಮ್ಮ ಮೀನು ಮುದಿಯಾಗುತ್ತವೆ ಎಂದು ಮರಾಠಿಯಲ್ಲಿ ಕೂಗುತ್ತಿದ್ದ. ಆದರೂ ಚಾದರ ಇಳಿಯುವವರೆಗೆ ಒಂದು ದೋಣಿಯೂ ಮುಂದೆ ಬರುತ್ತಿರಲಿಲ್ಲ. ಹಲೀಮಾಬಿ ಬುರ್ಖಾ ಕಳಚಿ ಮಡಿಚಿಟ್ಟು ಮಗುವಿನ ಹಾಗೆ ನೀರು ಬಡಿಯುತ್ತಿದ್ದಳು. ನಾನೂ ಇಳಿದೆ. ಐವತ್ತರ ಹತ್ತಿರದ ವಿಧವೆ, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಬಯಲಲ್ಲಿ, ಎದೆಮಟ ಉಪ್ಪು ನೀರಲ್ಲಿ. ಬರೆದೆ. ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ.

ಇನ್ನು ನಿಮಗೆ ಅನುಕೂಲವಾಗುವ ಒಂದು ಸಂಗತಿಯನ್ನೂ ನಾನೇ ಹೇಳುತ್ತೇನೆ. ಒಂದು ದಿನ ಆ ಚಾದರ ದೋಣಿಯನ್ನು ಕರೆಯಿತು. ನಾವು ಕೊನೆಯ ಸಲ ಹೋದ ಬೇಸಿಗೆ ಅದು. ಮೋಡ ಕಟ್ಟಿತ್ತು, ಗಾಳಿ ನಿಂತಿತ್ತು, ನೀರು ಎಣ್ಣೆಯ ಹಾಗೆ ಮಂದವಾಗಿತ್ತು. ನನ್ನ ಮೈದುನ ಜಗದೇವಪ್ಪನ ಹೆಂಡತಿ ಬಂಡೆಮ್ಮ ನನ್ನ ಕೈ ಹಿಡಿದು ನಿಂತಿದ್ದಳು. ಅಲೆಯೇನೂ ದೊಡ್ಡದು ಬರಲಿಲ್ಲ. ಕಾಲಡಿಯ ಮರಳು ಸುಮ್ಮನೆ ಜಾರಿತು, ಕೈ ಬಿಟ್ಟಿತು, ಅವಳ ತಲೆ ದೂರ ಹೋಗತೊಡಗಿತು. ನಾವು ಚೀರಿದೆವು. ಮಾಸ್ತರರು ಆಗಲೂ ನಮ್ಮ ಕಡೆ ತಿರುಗಲಿಲ್ಲ. ಬಿದಿರನ್ನು ನೆಲಕ್ಕೆ ಒಗೆದು, ಚಾದರವನ್ನು ಎರಡೂ ಕೈಯಲ್ಲಿ ಹಿಡಿದು, ಬಾ ಬಾ ಎಂದು ತುಕಾರಾಮನ ದೋಣಿಯನ್ನು ಕರೆದರು. ಆ ದೋಣಿಯಿಂದ ದಂಡೆಗೆ ಇಳಿದದ್ದು ಬಂದೂಕಲ್ಲ ಮಾನ್ಯರೇ. ಉಸಿರು ನಿಂತ ಹಾಗಿದ್ದ ನನ್ನ ನೆಗೆಣ್ಣಿ. ಮಾಸ್ತರರು ಹಿಂದೆ ಹಿಂದೆ ನಡೆದುಬಂದು, ಚಾದರವನ್ನು ಬೆನ್ನ ಹಿಂದಿನಿಂದಲೇ ನನ್ನ ಕೈಗೆ ಕೊಟ್ಟರು. ಅದರಲ್ಲೇ ಅವಳನ್ನು ಸುತ್ತಿ ಮನೆಗೆ ಒಯ್ದೆವು.

ಪರಪುರುಷನೊಬ್ಬ ಅವಳನ್ನು ಎತ್ತಿದ ಸಂಗತಿ ಊರಿಗೆ ತಿಳಿಯಬಾರದೆಂದು ಜಗದೇವಪ್ಪ ಅಂದೇ ಎಲ್ಲರಿಂದ ಮಾತು ತೆಗೆದುಕೊಂಡ. ನಾನೂ ಕೊಟ್ಟೆ. ಈ ಜಗದೇವಪ್ಪನೇ ಸಂಕ್ರಾಂತಿಗೆ ಮೊದಲು ನಿಮ್ಮೆದುರು ಸಾಕ್ಷಿ ನಿಂತವನು. ಬಂದವನನ್ನು ಪಡಸಾಲೆಯಲ್ಲೇ ನಿಲ್ಲಿಸಿ ಕೇಳಿದೆ.

"ಏನ ಕೇಳಿದರಪ್ಪಾ?"

"ಮಾಸ್ತರ ಚಾದರ ಬೀಸ್ತಿದ್ದರೇನು ಅಂದರು, ವೈನಿ. ಹೌದು ಅಂದೆ."

"ಯಾಕ ಬೀಸ್ತಿದ್ದರು ಅಂತ ಹೇಳಿದಿ?"

"ಗೊತ್ತಿಲ್ಲ ಅಂದೆ."

"ಗೊತ್ತಿಲ್ಲ?"

"ಮತ್ತೇನ ಹೇಳಲಿ? ನಮ್ಮ ಮನಿ ಹೆಣ್ಣಮಕ್ಕಳು ಬಯಲಾಗ ಜಳಕ ಮಾಡ್ತಿದ್ದರು, ನನ್ನ ಹೇಣ್ತಿನ್ನ ಬೆಸ್ತರಂವ ಎತಗೊಂಡು ಬಂದ, ಅಂತ ತುಂಬಿದ ಕಚೇರ್ಯಾಗ ಹೇಳಲೇನು?"

"ಹೇಳಿದ್ದರ ನಿನ್ನ ತಲಿ ಮ್ಯಾಲಿನ ಪಟಗಾ ಕೆಳಗ ಬೀಳ್ತಿತ್ತೇನು? ಹೇಣ್ತಿ ಜೀವಂತ ಅದಾಳ. ದೋಣಿ ಕರದು ಉಳಿಸಿದ ಮಾಸ್ತರ ಎಲ್ಲಿ ಅದಾರ?"

ಜಗದೇವಪ್ಪ ಕೆಟ್ಟವನಲ್ಲ. ಮರ್ಯಾದೆಯವನು. ಅಂಥವನ ಅರ್ಧ ಮಾತು ಹಿಡಿದು ಉಳಿದರ್ಧವನ್ನು ನೀವು ತುಂಬಿಕೊಂಡಿರಿ. ಇಡೀ ಮಾತು ಹೇಳಲು ಬಂದ ನನಗೆ ನಿಮ್ಮ ಬಾಗಿಲಿನವನು ಏನೆಂದ ಗೊತ್ತೇ? "ಹೆಣ್ಣಮಕ್ಕಳ ಸಾಕ್ಷಿ ಯಾಕ್ರಿ ಅವ್ವಾರ? ಮನ್ಯಾಗಿನ ಗಂಡಸರನ್ನ ಕಳಸ್ರಿ." ಕಳಿಸಿದ್ದರ ಫಲವೇ ಇದು ಎಂದೆ. ನಕ್ಕ.

ನಾನು ನಗುವ ಸ್ಥಿತಿಯಲ್ಲಿಲ್ಲ. ಹಲೀಮಾಬಿ ಪ್ರತಿ ವಾರ ಕಮಲಾಪುರದಿಂದ ಕಲಬುರಗಿಗೆ ಬಂದು ಜೈಲಿನ ಬಾಗಿಲಲ್ಲಿ ಬುತ್ತಿಯ ಡಬ್ಬಿ ಕೊಡುತ್ತಾಳೆ. ಮೊದಮೊದಲು ಖಾಲಿ ಡಬ್ಬಿ ವಾಪಸು ಬರುತ್ತಿತ್ತು, ತೊಳೆದು, ಒರೆಸಿ. ಮಾಸ್ತರರ ಪದ್ಧತಿ ಅದು. ಈಗ ಕೆಲವು ವಾರಗಳಿಂದ ತುಂಬಿದ್ದು ತುಂಬಿದ ಹಾಗೆಯೇ ಬರುತ್ತಿದೆ. ಒಳಗಿದ್ದಾರೆಯೇ ಎಂದರೆ ಇದ್ದಾರೆ ಎನ್ನುವುದಿಲ್ಲ. ಬೇರೆ ಕಡೆ ಕಳಿಸಿದಿರಾ ಎಂದರೆ ಹೌದು ಎನ್ನುವುದಿಲ್ಲ. ನಾಳೆ ಬಾ ಎನ್ನುತ್ತಾರೆ. ನಮ್ಮ ಓಣಿಯಿಂದ ಹಿಡಿದೊಯ್ದ ವಹಾಬನ ತಾಯಿಗೂ ಹೀಗೇ ನಾಳೆ ನಾಳೆ ಎಂದಿದ್ದರು. ಆಮೇಲೆ ಒಂದು ದಿನ ಅವನ ಚಪ್ಪಲಿ ತಂದು ಕೊಟ್ಟರು. ಕಾಲ ಕೆಳಗಿನ ಮರಳು ಸದ್ದಿಲ್ಲದೆ ಜಾರುವುದು ಹೇಗಿರುತ್ತದೆಂದು ನನಗೆ ಗೊತ್ತಿದೆ ಮಾನ್ಯರೇ. ಈಗ ಊರಿಗೆ ಊರೇ ಅದರ ಮೇಲೆ ನಿಂತಿದೆ.

ಈ ಪತ್ರವನ್ನು ಬಂಡೆಮ್ಮನಿಗೆ ಓದಿ ಹೇಳಿದೆ. ನಿನ್ನ ಹೆಸರು ತೆಗೆಯಲೇ ಎಂದು ಕೇಳಿದೆ. ಜಗದೇವಪ್ಪ ಅಲ್ಲೇ ಇದ್ದ. ಕಚೇರಿ ಮೆಟ್ಟಿಲು ಹತ್ತಿದರೆ ತಿರುಗಿ ತನ್ನ ಹೊಸ್ತಿಲು ತುಳಿಯಬಾರದು ಎಂದ. ಅವಳು ಅವನ ಕಡೆ ನೋಡದೆ ನನಗೆ ಹೇಳಿದಳು: "ಇರಲಿ ಅಕ್ಕಾ. ಬರೀರಿ. ಬರೇ ಬಂಡೆಮ್ಮ ಅಂದರ ಊರಾಗ ಹತ್ತು ಮಂದಿ ಅದಾರ. ಜಗದೇವಪ್ಪನ ಹೇಣ್ತಿ ಅಂತ ಬರೀರಿ."

ಬರೆದಿದ್ದೇನೆ.

ಬರುವ ಸೋಮವಾರ ನಾನು, ಬಂಡೆಮ್ಮ, ಹಲೀಮಾಬಿ ನಿಮ್ಮ ಕಚೇರಿಗೆ ಬರುತ್ತೇವೆ. ನೀವೇ ಕೂತು ನಮ್ಮ ಹೇಳಿಕೆ ಬರೆದುಕೊಳ್ಳಬೇಕು, ನಮ್ಮ ಎದುರಿಗೇ ಓದಿಸಬೇಕು. ತುಕಾರಾಮನನ್ನು ವಾಳುವಾಡಿಯಿಂದ ಸಾಕ್ಷಿಯಾಗಿ ಕರೆಸಬೇಕು, ಕೈದಿಯಾಗಿ ಅಲ್ಲ. ಎಲ್ಲಕ್ಕೂ ಮೊದಲು ಮಾಸ್ತರರನ್ನು ತಂದು ನಮ್ಮ ಮುಂದೆ ನಿಲ್ಲಿಸಬೇಕು. ನಿಲ್ಲಿಸಲು ನಿಮ್ಮಿಂದ ಆಗದಿದ್ದರೆ, ಯಾಕೆ ಆಗದು ಎಂಬುದನ್ನು ಬಾಗಿಲಿನವನ ಬಾಯಲ್ಲಿ ಹೇಳಿಸಬೇಡಿ. ನೀವೇ ಎದ್ದು ನಿಂತು ಹಲೀಮಾಬಿಯ ಮುಖ ನೋಡಿ ಹೇಳಿ. ಅವಳು ಇನ್ನೂ ಎರಡೂ ಕೈತುಂಬ ಹಸಿರು ಬಳೆ ತೊಟ್ಟುಕೊಂಡೇ ಬರುತ್ತಾಳೆ.

ಇಂತಿ,
ಮನೆಯ ಮಾನವನ್ನು ತನ್ನ ಕೈಯಾರೆ ಅಚ್ಚಿಗೆ ಕೊಟ್ಟ ಹಿರಿಯ ಸೊಸೆ,
ಶಿವಕಾಂತಮ್ಮ
ಕಮಲಾಪುರ, ಮಾಘ ಮಾಸ, ೧೯೪೯