ಬಾಣಂತಿಯ ನೀರು

ಶಿಕಾರಿಪುರ
೧೨ ನವೆಂಬರ್ ೨೦೨೫, ಬುಧವಾರ

ಮಗಳೇ ಮೇಘನಾ,

ನಿನ್ನ ಅವ್ವನ ಆಶೀರ್ವಾದ. ಅಳಿಯಂದಿರು ಹತ್ತು ಗಂಟೆಯ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟಿದ್ದಾರೆ. ಗಂಜಿಯ ಡಬ್ಬಿಯ ಜೊತೆ ಈ ಕಾಗದವನ್ನೂ ಅವರ ಕೈಲಿ ಕೊಡುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳುತ್ತಲೇ ಬೇರೇನೋ ಮಾತಾಡಿ ಇಟ್ಟುಬಿಡುತ್ತೇನೆ. ಕೂಸು ಡಬ್ಬಿ ಹಾಲು ಕುಡಿದು ಮಲಗಿದೆ. ನಿನ್ನ ತಂಗಿ ಚೈತ್ರಗೆ ಹೇಳು.

ಚೈತ್ರಳ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆಯೆಂದು ನಿನ್ನೆ ಆಸ್ಪತ್ರೆಯಿಂದ ಫೋನ್ ಮಾಡಿದಾಗ ನೀನು ನನ್ನನ್ನು ಎರಡು ಮಾತು ಕೇಳಿದೆ. ಹೆರಿಗೆ ಆದ್ಮೇಲೆ ದಿನಾ ಎಷ್ಟು ನೀರು ಕುಡೀತಿದ್ಲು, ನೀರು ಕಮ್ಮಿಯಾದ್ರೂ ರಕ್ತ ಹೆಪ್ಪುಗಟ್ಟುತ್ತೆ ಅಂತ. ನಮ್ಮ ಕಡೆ ಯಾರಿಗಾದ್ರೂ ಹಿಂಗಾಗಿತ್ತೇನವ್ವಾ ಅಂತ. ನಾನು ಒಂದಕ್ಕೆ ಬೇಕಾದಷ್ಟು ಅಂದೆ, ಇನ್ನೊಂದಕ್ಕೆ ಇಲ್ಲ ಅಂದೆ. ಎರಡೂ ಸುಳ್ಳು. ಓದಿದ ಕೂಡಲೇ ಡಾಕ್ಟರಿಗೆ ಹೇಳು.

ದಿನಕ್ಕೆ ಎರಡು ಲೋಟ ಬಿಸಿನೀರು ಕೊಟ್ಟಿದ್ದೇನೆ, ಅಷ್ಟೇ. ಬಾಣಂತಿಗೆ ನೀರು ಹೆಚ್ಚು ಕೊಟ್ಟರೆ ಮೈ ಊದುತ್ತದೆ, ನಂಜಾಗುತ್ತದೆ ಅಂತ ನಮ್ಮಲ್ಲಿ ಕೊಡುವುದಿಲ್ಲ, ನಿನಗೂ ಗೊತ್ತು. ಹಂಗೆಲ್ಲ ಮಾಡಬ್ಯಾಡ ಅಂತ ನೀನು ಮೊದಲೇ ಬೈದಿದ್ದೆ. ಹ್ಞೂಂ ಅಂದು ತಂಬಿಗೆಯನ್ನು ಅವಳ ಕೈಗೆ ಸಿಗದಂತೆ ನಾಗಂದಿಗೆಯ ಮೇಲಿಟ್ಟೆ. ಹೆರಿಗೆಯಾದ ಐದನೇ ದಿನ ತಲೆನೋವು ಅಂದಳು. ಕಿವಿಗೆ ಹತ್ತಿ ಇಟ್ಟು ಬಿಗಿಯಾಗಿ ಬಟ್ಟೆ ಕಟ್ಟಿದೆ. ಏಳನೇ ದಿನ ಕಣ್ಣು ಮಂಜು ಅಂದಳು. ಮೊನ್ನೆ, ಒಂಬತ್ತನೇ ದಿನ, ಅವಳ ಬಲಗೈಯಿಂದ ಕೂಸು ಜಾರಿತು. ನಾನು ಹಿಡಿದುಕೊಂಡೆ. ಆಮೇಲೇ ಅವಳನ್ನು ಶಿವಮೊಗ್ಗದ ಆಸ್ಪತ್ರೆಗೆ ಕಳಿಸಿದ್ದು.

ನೀನು ರಕ್ತದ ಸಂಶೋಧನೆಗೆ ಸೇರಿದಾಗ ಹೇಳಿದ್ದೆ, ರಕ್ತಕ್ಕೆ ಹೆಪ್ಪು ಹಾಕುವುದೂ ಮೈಯೊಳಗೇ ಇದೆ, ಸಾಕು ನಿಲ್ಲು ಅನ್ನುವುದೂ ಇದೆ, ಕೆಲವು ಮನೆತನಗಳಲ್ಲಿ ಆ ಎರಡನೆಯದು ಹುಟ್ಟಿನಿಂದಲೇ ಕಮ್ಮಿ ಅಂತ. ನಾನು ಹಾಲಿಗೆ ಹೆಪ್ಪು ಹಾಕುತ್ತ ನಗುತ್ತ ಕೇಳಿದ್ದೆ. ಆಮೇಲೆ ಪರೀಕ್ಷೆಗೆ ಮೊದಲು ನನ್ನ ರಕ್ತ ಬೇಕು ಅಂದಾಗ ನಾನು ಕೊಡಲಿಲ್ಲ. ಸೂಜಿಗೆ ಹೆದರಿದೆನೆಂದು ಅಕ್ಕತಂಗಿ ಇಬ್ಬರೂ ಗೇಲಿ ಮಾಡಿದಿರಿ. ಹೆದರಿದ್ದು ಸೂಜಿಗಲ್ಲ.

ನನಗೊಬ್ಬಳು ಅಕ್ಕ ಇದ್ದಳು, ನೀಲಾಂಬಿಕ. ಸೊರಬದ ತವರಿನಲ್ಲಿ, ಬಾಣಂತನದ ಎಂಟನೇ ದಿನ, ತಲೆನೋವೆಂದು ಒದ್ದಾಡಿ ಹೋದಳು. ಬಾಣಂತಿ ಸನ್ನಿ ಅಂದರು. ಅವಳ ಹೆಸರು ಎತ್ತಕೂಡದೆಂದು ನಮ್ಮವ್ವ ಕಟ್ಟು ಮಾಡಿದಳು. ನಾನು ನಿಮಗೂ ಹೇಳಲಿಲ್ಲ. ಆ ಕೊರತೆ ನನ್ನಲ್ಲೂ ಇದ್ದು ಚೈತ್ರಗೆ ಬಂದಿದ್ದರೆ, ನಿನಗೂ ಬಂದಿದ್ದರೆ ಎಂದು ಜೀವ ಹೊಡೆದುಕೊಳ್ಳುತ್ತದೆ. ಈಗ ಹೆಪ್ಪುಗಟ್ಟಿರೋವಾಗ ಚೈತ್ರಳ ರಕ್ತ ನೋಡಿದ್ರೆ ಸರಿಯಾಗಿ ಗೊತ್ತಾಗಲ್ಲ, ನಿಂದು ಬೇಕವ್ವಾ ಅಂದೆಯಲ್ಲ. ನಾಳೆ ಬೀಗಿತ್ತಿ ಊರಿನಿಂದ ಬರುತ್ತಾರೆ. ಅವರ ಮಡಿಲಿಗೆ ಕೂಸನ್ನು ಹಾಕಿ ಬರುತ್ತೇನೆ. ಎಷ್ಟು ಬೇಕೋ ಅಷ್ಟು ತೆಗೆದುಕೋ.

ಚೈತ್ರ ಉಳಿಯುತ್ತಾಳೆ ಅಲ್ಲವಾ? ಡಾಕ್ಟರು ಏನೇ ಅಂದರೂ ನನಗೆ ಮುಚ್ಚಿಡಬೇಡ. ನಾನು ಮುಚ್ಚಿಟ್ಟದ್ದೇ ಸಾಕು.

ಇಂತಿ ನಿನ್ನ ಅವ್ವ,
ವನಜಮ್ಮ

ತಾ.ಕ.: ಇದನ್ನು ನೀನೊಬ್ಬಳೇ ಓದು. ಅಕ್ಕ ಕಡೆಯ ದಿನ ನೀರು, ನೀರು ಅಂತ ಬೇಡಿದಳು. ನನಗೆ ಹನ್ನೊಂದು ವರ್ಷ. ಯಾರೂ ಇಲ್ಲದಾಗ ಒಂದು ತಂಬಿಗೆ ತಂದುಕೊಟ್ಟೆ. ಗಟಗಟನೆ ಕುಡಿದು ನನ್ನ ಕೆನ್ನೆ ಸವರಿದಳು. ಸಂಜೆಗೆ ಹೋದಳು. ಆ ನೀರೇ ಅವಳನ್ನು ಕೊಂದಿತು, ಕೊಂದವಳು ನಾನು ಎಂದು, ನಿನ್ನ ನಿನ್ನೆಯ ಮಾತು ಕೇಳುವವರೆಗೂ, ನಲವತ್ತಮೂರು ವರ್ಷ ನಂಬಿದ್ದೆ. ಅದಕ್ಕೇ ಚೈತ್ರ ಅಕ್ಕನ ಹಾಗೆಯೇ ಕೈಯೊಡ್ಡಿ ಬೇಡಿದಾಗ ಬಾಗಿಲು ಎಳೆದುಕೊಂಡು ಹೊರಗೆ ಬಂದೆ.