ಬಿಸಿಲಿಗೆ ಮುಚ್ಚಳ ಹಾಕಿಸುವವರಿಗೆ

ಮಾನ್ಯ ಪರಿಸರ ಅಧಿಕಾರಿಗಳೇ,

ಬಣ್ಣದ ನೀರನ್ನು ಶುದ್ಧಮಾಡದಿದ್ದರೆ ನಮ್ಮ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಬೀಗ ಎಂದು ನಿಮ್ಮ ಮೊದಲ ಆದೇಶ. ಶುದ್ಧಮಾಡುವ ತೊಟ್ಟಿಗೆ ತಗಡಿನ ಮುಚ್ಚಳ ಹಾಕದಿದ್ದರೂ ಬೀಗ ಎಂದು ಎರಡನೆಯದು. ಆ ತೊಟ್ಟಿ ಕೆಲಸ ಮಾಡುವುದೇ ಬಿಸಿಲಿನಿಂದ. ಚೆನ್ನೈಯ ನಿಮ್ಮ ಕಚೇರಿಗೆ ಕೊಟ್ಟ ತಮಿಳಿನ ಅರ್ಜಿಗಳಿಗೆ ನೀವು ಉತ್ತರಿಸಲಿಲ್ಲ. ಆದ್ದರಿಂದ ನನ್ನ ಭಾಷೆಯಲ್ಲಿ, ಕನ್ನಡ ಪತ್ರಿಕೆಯಲ್ಲಿ, ನಮ್ಮ ಜನರೆದುರು ಕೇಳುತ್ತಿದ್ದೇನೆ.

ಒಂದು ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಬಾವಿಯ ನೀರೆರೆದಾಗ ಬೆರಳ ಸಂದಿಯಿಂದ ನಸುಗೆಂಪು ನೀರು ಇಳಿಯಿತು. ಬೀದಿಯಲ್ಲಿ ಬಣ್ಣ ಹಾಕುವವರು ನಾವೊಬ್ಬರೇ ಅಲ್ಲ. ಯಾರ ಬಣ್ಣವೆಂದು ವಿಚಾರಿಸುತ್ತ ಕೂರದೆ ಅಂದೇ ಕಡಾಯಿಗಳ ಒಲೆ ಆರಿಸಿದೆ. ಮಗ ವೀರೇಶ, “ಯವ್ವಾ, ಪೂಜಿಗೆ ಕ್ಯಾನ್ ನೀರು ತರಸೂಣು” ಎಂದ. “ನಿನ್ನ ಲಿಂಗಕ್ಕ ಕ್ಯಾನ್ ನೀರು ಹಾಕ್ಕೋ. ನನ್ನ ಲಿಂಗಕ್ಕ ನನ್ನ ಬಾವಿದ ಬೇಕು” ಎಂದೆ.

ಇಲ್ಲಿಯ ಗಿಂಡಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸೊಸೆ ಸಂಗೀತಾ ಮಾಳಿಗೆಯ ಮೇಲೆ ಆಳವಿಲ್ಲದ ತೊಟ್ಟಿ ಕಟ್ಟಿಸಿ, ತಳಕ್ಕೆ ಬಿಳಿ ಲೇಪನದ ಬಿಲ್ಲೆಗಳನ್ನು ಹಾಸಿದಳು. ಬಿಸಿಲು ತಾಗಿದರೆ ಆ ಲೇಪನ ನೀರಿನ ಬಣ್ಣವನ್ನು ಒಡೆಯುತ್ತದಂತೆ. ನಾನು ನಂಬದೆ ಕುರ್ಚಿ ಹಾಕಿಕೊಂಡು ಕುಳಿತೆ. ಸಂಜೆಗೆ ಕೆಂಪು ನೀರು ತಿಳಿಯಾಗಿ ತೊಟ್ಟಿಯ ತಳ ಕಂಡಿತು. ಮದರಾಸಿನ ಬಿಸಿಲನ್ನು ನಾನು ಬೈಯದ ದಿನ ಅದೊಂದೇ. ಬಣ್ಣ ಹೋದ ಮಾತ್ರಕ್ಕೆ ನೀರು ಶುದ್ಧವೆಂದು ನಾನೂ ಹೇಳುವುದಿಲ್ಲ. ಪರೀಕ್ಷೆ ಮಾಡಿ ಎಂದೇ ನಿಮ್ಮನ್ನು ಕರೆದದ್ದು.

ಬಂದ ನಿಮ್ಮ ಇನ್‌ಸ್ಪೆಕ್ಟರು ನೀರನ್ನು ಮುಟ್ಟಲೂ ಇಲ್ಲ. “ಕೊಸು ವರುಂ ಅಮ್ಮಾ, ಮೂಡಿ ಪೋಡುಂಗ.” ಸೊಳ್ಳೆ ಬರುತ್ತದೆ, ಮುಚ್ಚಳ ಹಾಕಿ ಎಂದರ್ಥ. ಸೊಳ್ಳೆಬಲೆ ಹೊದಿಸುತ್ತೇವೆಂದು ಸೊಸೆ ಹೇಳಿದಳು. “ರೂಲ್ಸ್‌ಲ ವಲೆ ಇಲ್ಲಮ್ಮಾ”, ನಿಯಮದಲ್ಲಿ ಬಲೆ ಇಲ್ಲ, ಎಂದರು. “ರೂಲ್ಸ್‌ಲ ಸೂರಿಯನ್ ಇರುಕ್ಕಾ?”, ನಿಯಮದಲ್ಲಿ ಸೂರ್ಯ ಇದ್ದಾನೆಯೇ, ಎಂದು ಕೇಳಿದೆ. ಅವರು ನಕ್ಕು, ನೋಟಿಸು ಅಂಟಿಸಿ ಹೋದರು.

ಮುಚ್ಚಿದರೆ ಬಣ್ಣ ಉಳಿದು ಬೀಗ, ತೆರೆದರೆ ಸೊಳ್ಳೆಯ ಹೆಸರಿನಲ್ಲಿ ಬೀಗ. ಪಕ್ಕದ ಬೀದಿಯವರು ಎಲ್ಲವನ್ನೂ ಚರಂಡಿಗೆ ಬಿಟ್ಟು ಸುಖವಾಗಿದ್ದಾರೆ. ಅವರಿಗೆ ತೊಟ್ಟಿಯೇ ಇಲ್ಲ; ಮುಚ್ಚಳ ಹಾಕುವುದು ಯಾವುದಕ್ಕೆ? ತೊಟ್ಟಿ ಮಾಡಿದ್ದೇ ನಮ್ಮ ಅಪರಾಧವೇ? ನೋಟಿಸು ಬಂದ ಮೇಲೆ ತಗಡು ಹೊದಿಸಿದೆವು. ಅದರ ಕೆಳಗೆ, ಕಡಾಯಿಗಳಿಂದ ಏರಿಸಿದ ಕೆಂಪು ನೀರು ತುಂಬಿ ಹಾಗೇ ನಿಂತಿದೆ. ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ, ಮಳೆ ಹತ್ತಿರ ಬಂತು. ತಗಡಿನ ಸಂದಿಯಿಂದ ಮಳೆ ಇಳಿದು ತೊಟ್ಟಿ ಉಕ್ಕಿದರೆ ನೀರು ಮಾಳಿಗೆಯಿಂದ ನೇರ ಬಾವಿಗೆ ಇಳಿಯುತ್ತದೆ. “ಸುಮ್ನ ಗಟಾರಕ್ಕ ಬಿಟ್ಟಬಿಡೂಣು ಯವ್ವಾ, ಯಾರು ನೋಡ್ತಾರ?” ಎಂದು ವೀರೇಶ ದಿನವೂ ಕೇಳುತ್ತಾನೆ.

ಮಳೆಗೆ ಮುಂಚೆ, ಮಧ್ಯಾಹ್ನದ ಬಿಸಿಲಿನಲ್ಲಿ ನೀವೇ ಮಾಳಿಗೆ ಹತ್ತಿ ಬನ್ನಿ. ತಗಡು ತೆಗೆದು ಬಲೆ ಹಾಕಲು ಲಿಖಿತ ಅನುಮತಿ ಕೊಡಿ. ಆಗದಿದ್ದರೆ ಈ ನೀರನ್ನು ಎಲ್ಲಿ ಚೆಲ್ಲಬೇಕೆಂದಾದರೂ ಬರೆದು ಕೊಡಿ. ಮಗ ಕೇಳಿದಾಗ ಆ ಕಾಗದವನ್ನೇ ಅವನ ಕೈಗೆ ಕೊಡುತ್ತೇನೆ.

ಇಂತಿ,
ನಿಮ್ಮ ಎರಡೂ ಆದೇಶಗಳನ್ನು ಪಾಲಿಸಹೊರಟು ಸಿಕ್ಕಿಬಿದ್ದವಳು,
ನೀಲಗಂಗಮ್ಮ, ಚೆನ್ನೈ